ಶೌಚಗುಂಡಿ ತೋಡುವ ಮುನ್ನ ಮಣ್ಣನ್ನು ಪರೀಕ್ಷಿಸಿರಿ

ಬಿತ್ತುವ ಮುನ್ನ ರೈತನು ಹೊಲದ ಹದವನ್ನು ನೋಡುತ್ತಾನೆ. ಬಾವಿ ತೋಡುವ ಮುನ್ನ ನೀರಿನ ಸೆಲೆ ಎಲ್ಲಿದೆಯೆಂದು ತಿಳಿದವರನ್ನು ಕೇಳುತ್ತಾನೆ. ಮನೆಗೆ ತಳಪಾಯ ಹಾಕುವ ಮುನ್ನ ನೆಲ ಗಟ್ಟಿಯಾಗಿದೆಯೇ ಎಂದು ಹಾರೆಯಿಂದ ಕುಟ್ಟಿ ನೋಡುತ್ತಾನೆ. ಆದರೆ ಶೌಚಾಲಯದ ಗುಂಡಿಯ ವಿಷಯ ಬಂದಾಗ ಮಾತ್ರ ಹಿತ್ತಿಲಿನಲ್ಲಿ ಖಾಲಿ ಇರುವ ಯಾವುದೋ ಒಂದು ಮೂಲೆಯನ್ನು ತೋರಿಸಿ, “ಇಲ್ಲಿ ಅಗೆಯಿರಿ” ಎಂದು ಹೇಳುವುದೇ ವಾಡಿಕೆಯಾಗಿದೆ. ಆ ಮೂಲೆಯ ಮಣ್ಣು ಎಂತಹುದು, ಅದು ನೀರನ್ನು ಹೀರಬಲ್ಲುದೇ, ಹೀರಿದ ನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗಳನ್ನು ಕೇಳುವವರು ವಿರಳ.

2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನವು ಪ್ರಾರಂಭವಾದ ಮೇಲೆ ಗ್ರಾಮಗಳಲ್ಲಿ ಲಕ್ಷಾಂತರ ಕುಟುಂಬಗಳು ಶೌಚಾಲಯಗಳನ್ನು ಕಟ್ಟಿಸಿಕೊಂಡವು. ಅರ್ಹ ಕುಟುಂಬಗಳಿಗೆ 12,000 ರೂಪಾಯಿಗಳ ಪ್ರೋತ್ಸಾಹಧನವು ದೊರೆಯಿತು. ಇದು ಸಂತೋಷದ ಸಂಗತಿ. ಆದರೆ ಶೌಚಾಲಯವೆಂದರೆ ನಾಲ್ಕು ಗೋಡೆ, ಒಂದು ಬಾಗಿಲು ಮತ್ತು ಒಂದು ಪಿಂಗಾಣಿ ಬಟ್ಟಲು ಮಾತ್ರವೆಂದು ಭಾವಿಸಬಾರದು. ಕಣ್ಣಿಗೆ ಕಾಣುವ ಕಟ್ಟಡಕ್ಕಿಂತ ಕಣ್ಣಿಗೆ ಕಾಣದ ಗುಂಡಿಯೇ ಮುಖ್ಯವಾದುದು. ಗುಂಡಿಯು ಸರಿಯಾದ ಮಣ್ಣಿನಲ್ಲಿದ್ದರೆ ಶೌಚಾಲಯವು ಕುಟುಂಬವನ್ನು ರಕ್ಷಿಸುತ್ತದೆ. ತಪ್ಪು ಮಣ್ಣಿನಲ್ಲಿದ್ದರೆ, ಬಯಲಿನಲ್ಲಿ ಬಿದ್ದಿರುತ್ತಿದ್ದ ರೋಗವನ್ನು ನಾವೇ ಬಾವಿಯ ಪಕ್ಕಕ್ಕೆ ತಂದಿಟ್ಟಂತಾಗುತ್ತದೆ.

ಮಣ್ಣನ್ನು ಪರೀಕ್ಷಿಸಲು ದೊಡ್ಡ ಯಂತ್ರಗಳು ಬೇಕಾಗಿಲ್ಲ. ಒಂದು ಹಾರೆ, ಒಂದು ಸಲಿಕೆ, ಎರಡು ಮೂರು ಬಕೆಟ್ ನೀರು, ಒಂದು ನೇರವಾದ ಕಡ್ಡಿ, ಒಂದು ಗಡಿಯಾರ ಮತ್ತು ಎರಡು ದಿನಗಳ ತಾಳ್ಮೆ ಇದ್ದರೆ ಸಾಕು. ಗಂಡ ಹೆಂಡತಿ ಇಬ್ಬರೂ ಸೇರಿ ಇದನ್ನು ಮಾಡಬಹುದು.

ಗುಂಡಿಗೆ ಹೋದ ಕೊಳೆ ಏನಾಗುತ್ತದೆ?

ಸೆಪ್ಟಿಕ್ ಟ್ಯಾಂಕನ್ನು ಕಟ್ಟಿಸಿದರೆ ಕೊಳೆ ನೀರು ಶುದ್ಧವಾಗುತ್ತದೆಂದು ಅನೇಕರು ನಂಬಿದ್ದಾರೆ. ಈ ನಂಬಿಕೆ ಸರಿಯಲ್ಲ. ಟ್ಯಾಂಕಿನೊಳಗೆ ಗಟ್ಟಿ ಪದಾರ್ಥವು ತಳದಲ್ಲಿ ಕೆಸರಾಗಿ ಕೂರುತ್ತದೆ. ಜಿಡ್ಡು ಕೆನೆಯಂತೆ ಮೇಲೆ ತೇಲುತ್ತದೆ. ಇವೆರಡರ ನಡುವಿನ ನೀರು ಕೊಳವೆಯ ಮೂಲಕ ಹೊರಕ್ಕೆ ಹೋಗುತ್ತದೆ. ಈ ನೀರು ನೋಡಲು ತಿಳಿಯಾಗಿದ್ದರೂ ಅದರಲ್ಲಿ ರೋಗಾಣುಗಳು ಹೇರಳವಾಗಿರುತ್ತವೆ. ಅದನ್ನು ಬೀದಿಯ ಚರಂಡಿಗೆ ಬಿಡುವುದೆಂದರೆ ಮಲವನ್ನೇ ಬೀದಿಗೆ ಬಿಟ್ಟಂತೆ. ಆದುದರಿಂದಲೇ ಟ್ಯಾಂಕಿನ ಆಚೆ ಒಂದು ಇಂಗುಗುಂಡಿಯೋ ಇಂಗುಕಾಲುವೆಯೋ ಇರತಕ್ಕದ್ದು.

ನೀರನ್ನು ನಿಜವಾಗಿ ಶುದ್ಧಿಗೊಳಿಸುವುದು ಮಣ್ಣು. ಮಣ್ಣಿನ ಕಣಗಳ ನಡುವೆ ಗಾಳಿ ಇರುವ ಸಣ್ಣ ಸಣ್ಣ ಸಂದುಗಳಿವೆ. ಕೊಳೆ ನೀರು ಈ ಸಂದುಗಳಲ್ಲಿ ನಿಧಾನವಾಗಿ ಇಳಿಯುವಾಗ ದೊಡ್ಡ ಕ್ರಿಮಿಗಳು ಜರಡಿಯಲ್ಲಿ ಸಿಕ್ಕಿಕೊಂಡಂತೆ ಸಿಕ್ಕಿಕೊಳ್ಳುತ್ತವೆ. ವೈರಸ್‌ಗಳು ಮಣ್ಣಿನ ನುಣ್ಣನೆಯ ಕಣಗಳಿಗೆ ಅಂಟಿಕೊಳ್ಳುತ್ತವೆ. ಮಣ್ಣಿನಲ್ಲಿ ಸಹಜವಾಗಿರುವ ಜೀವಾಣುಗಳು ಅವುಗಳನ್ನು ನಾಶಮಾಡುತ್ತವೆ. ಆದರೆ ಈ ಕೆಲಸಕ್ಕೆ ಕಾಲಾವಕಾಶ ಬೇಕು, ಒಣಗಿದ ಮಣ್ಣಿನ ಸಾಕಷ್ಟು ಆಳವೂ ಬೇಕು. ನೀರು ಇಂಗದೆ ನಿಂತರೆ ಗುಂಡಿ ತುಂಬಿ ಉಕ್ಕುತ್ತದೆ. ನೀರು ಸರ್ರನೆ ಹರಿದು ಹೋದರೆ ಶುದ್ಧವಾಗಲು ವೇಳೆಯೇ ದೊರೆಯುವುದಿಲ್ಲ. ನಿಧಾನವಾಗಿ ಇಂಗುವ ಮಣ್ಣು ತನ್ನ ದೋಷವನ್ನು ಅಂಗಳದಲ್ಲಿಯೇ ತೋರಿಸುತ್ತದೆ. ಅತಿ ಬೇಗ ಇಂಗುವ ಮಣ್ಣು ತನ್ನ ದೋಷವನ್ನು ಬಾವಿಯಲ್ಲಿ ಬಚ್ಚಿಡುತ್ತದೆ. ಎರಡನೆಯದೇ ಹೆಚ್ಚು ಅಪಾಯಕಾರಿ.

ತಾಯಿ ಮತ್ತು ಮಗುವಿಗೆ ಇದರ ಸಂಬಂಧವೇನು?

ಮಲದಿಂದ ಕಲುಷಿತವಾದ ನೀರು ವಾಂತಿಭೇದಿ, ವಿಷಮಶೀತಜ್ವರ, ಆಮಶಂಕೆ, ಕಾಮಾಲೆ ಮೊದಲಾದ ರೋಗಗಳನ್ನು ತರುತ್ತದೆಂಬುದನ್ನು ತಾವು ಕೇಳಿರಬಹುದು. ಇವುಗಳಲ್ಲಿ ಕಾಮಾಲೆಯ ಒಂದು ಬಗೆಯನ್ನು ದಂಪತಿಗಳು ವಿಶೇಷವಾಗಿ ತಿಳಿದಿರಬೇಕು. ಇದಕ್ಕೆ ಹೆಪಟೈಟಿಸ್-ಇ ಎಂದು ಹೆಸರು. ಸಾಮಾನ್ಯ ಆರೋಗ್ಯವಂತರಲ್ಲಿ ಈ ರೋಗವು ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಆದರೆ ಗರ್ಭಿಣಿಗೆ ಕೊನೆಯ ಮೂರು ತಿಂಗಳಲ್ಲಿ ತಗುಲಿದರೆ ಯಕೃತ್ತು ಕೆಟ್ಟು, ರೋಗ ತಗುಲಿದ ಅಂತಹ ಗರ್ಭಿಣಿಯರಲ್ಲಿ ಶೇಕಡಾ 20ರಿಂದ 25ರಷ್ಟು ಮಂದಿ ಮರಣ ಹೊಂದಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ. 1955-56ರಲ್ಲಿ ದೆಹಲಿ ನಗರದ ಕುಡಿಯುವ ನೀರಿಗೆ ಚರಂಡಿಯ ನೀರು ಸೇರಿದಾಗ ಸುಮಾರು 29,000 ಮಂದಿಗೆ ಕಾಮಾಲೆಯಾಯಿತು. ಅದು ಈ ಬಗೆಯ ಕಾಮಾಲೆಯೇ ಎಂಬುದು ಎಷ್ಟೋ ವರ್ಷಗಳ ಅನಂತರ, ಶೇಖರಿಸಿಟ್ಟಿದ್ದ ರಕ್ತವನ್ನು ಪರೀಕ್ಷಿಸಿದಾಗ ತಿಳಿದುಬಂದಿತು.

ಶಿಶುಗಳ ವಿಷಯವೂ ಹಾಗೆಯೇ. ಪದೇ ಪದೇ ಭೇದಿಯಾಗುವ ಮಗುವಿಗೆ ಎಷ್ಟು ಉಣಿಸಿದರೂ ಮೈ ಹಿಡಿಯುವುದಿಲ್ಲ. ಮಲಗುಂಡಿಯ ನೀರಿನಲ್ಲಿರುವ ನೈಟ್ರೇಟ್ ಎಂಬ ಲವಣವನ್ನಂತೂ ಮಣ್ಣು ತಡೆಯಲಾರದು. ನೀರನ್ನು ಕುದಿಸಿದರೂ ಅದು ಹೋಗುವುದಿಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಮಿಗಿಂತ ಹೆಚ್ಚಿರಬಾರದೆಂದು ಭಾರತೀಯ ಮಾನಕವು ವಿಧಿಸಿದೆ. ಅಂತಹ ನೀರಿನಲ್ಲಿ ಬಾಟಲಿಯ ಹಾಲು ಕಲಸಿ ಕುಡಿಸಿದರೆ ಎಳೆಯ ಕೂಸಿನ ರಕ್ತವು ಪ್ರಾಣವಾಯುವನ್ನು ಹೊರುವ ಶಕ್ತಿಯನ್ನು ಕಳೆದುಕೊಂಡು ಮೈ ನೀಲಿಗಟ್ಟಬಹುದು. ಮೊದಲ ಆರು ತಿಂಗಳು ಎದೆಹಾಲನ್ನಲ್ಲದೆ ನೀರನ್ನು ಕೂಡ ಕೊಡಬಾರದೆಂದು ವೈದ್ಯರು ಹೇಳುವುದಕ್ಕೆ ಇರುವ ಹಲವು ಕಾರಣಗಳಲ್ಲಿ ಇದೂ ಒಂದು.

ಗುಂಡಿಗೂ ಬಾವಿಗೂ ಇರುವ ಈ ಗುಪ್ತ ಸಂಬಂಧವನ್ನು ಜಗತ್ತಿಗೆ ತೋರಿಸಿಕೊಟ್ಟ ಘಟನೆಯೊಂದು ಇತಿಹಾಸದಲ್ಲಿದೆ. 1854ರಲ್ಲಿ ಲಂಡನ್ ನಗರದ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಸುತ್ತಮುತ್ತ ಕಾಲರಾ ಹಬ್ಬಿ 600ಕ್ಕೂ ಹೆಚ್ಚು ಜನರು ಸತ್ತರು. ಅಲ್ಲಿನ ಬೀದಿ ಪಂಪಿನ ನೀರೇ ಕಾರಣವೆಂದು ಡಾಕ್ಟರ್ ಜಾನ್ ಸ್ನೋ ಅವರು ತೋರಿಸಿಕೊಟ್ಟರು. ಮುಂದೆ ನೆಲವನ್ನು ಅಗೆದು ನೋಡಿದಾಗ, ಪಂಪಿನ ಬಾವಿಯಿಂದ ಮೂರಡಿಗೂ ಕಡಿಮೆ ದೂರದಲ್ಲಿ ಒಂದು ಮನೆಯ ಮಲಗುಂಡಿಯಿದ್ದುದು ಕಂಡುಬಂದಿತು. ಅದರ ಇಟ್ಟಿಗೆಗಳು ಸಡಿಲಗೊಂಡು, ನಡುವಣ ಮಣ್ಣೆಲ್ಲವೂ ಕೊಳೆಯಿಂದ ತೊಯ್ದಿತ್ತು. ಆ ಮನೆಯ ತಾಯಿಯು ಭೇದಿಯಿಂದ ನರಳುತ್ತಿದ್ದ ತನ್ನ ಐದು ತಿಂಗಳ ಕೂಸಿನ ಬಟ್ಟೆಗಳನ್ನು ತೊಳೆದ ನೀರನ್ನು ಆ ಗುಂಡಿಗೆ ಸುರಿದಿದ್ದಳು. ಕೂಸಿನ ಮಲದಿಂದ ಯಾವ ಕೇಡೂ ಇಲ್ಲವೆಂದು ತಿಳಿಯುವ ತಾಯಂದಿರು ಇದನ್ನು ನೆನಪಿನಲ್ಲಿಡತಕ್ಕದ್ದು.

ನಮ್ಮ ನಾಡಿನ ಮಣ್ಣುಗಳು

ಕರ್ನಾಟಕದಲ್ಲಿ ಎಲ್ಲೆಡೆಯೂ ಒಂದೇ ಬಗೆಯ ಮಣ್ಣಿಲ್ಲ. ಆದುದರಿಂದ ಒಂದೂರಿನಲ್ಲಿ ಚೆನ್ನಾಗಿ ನಡೆಯುವ ಗುಂಡಿಯು ಇನ್ನೊಂದೂರಿನಲ್ಲಿ ಕೆಡಬಹುದು.

ವಿಜಯಪುರ, ಬಾಗಲಕೋಟೆ, ಗದಗ, ಧಾರವಾಡ, ಕಲಬುರಗಿ, ರಾಯಚೂರು ಮುಂತಾದ ಜಿಲ್ಲೆಗಳಲ್ಲಿ ಎರೆಮಣ್ಣು ಹೆಚ್ಚು. ಇದು ಬೇಸಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದೊಡನೆ ಉಬ್ಬಿ ಬಿರುಕುಗಳೆಲ್ಲ ಮುಚ್ಚಿಕೊಳ್ಳುತ್ತವೆ. ಬೇಸಗೆಯಲ್ಲಿ ಒಂದು ಕೊಡ ನೀರು ಸುರಿದು ನೋಡಿದವರಿಗೆ ಈ ಮಣ್ಣು ಚೆನ್ನಾಗಿ ಹೀರುತ್ತದೆಂಬ ಭ್ರಮೆಯುಂಟಾಗುತ್ತದೆ. ಮಳೆಗಾಲದಲ್ಲಿ ಅದೇ ಗುಂಡಿ ತುಂಬಿ ಬಟ್ಟಲಿನವರೆಗೂ ಹಿಂದಕ್ಕೆ ನುಗ್ಗುತ್ತದೆ.

ತುಮಕೂರು, ಕೋಲಾರ, ಮಂಡ್ಯ, ಹಾಸನ ಮುಂತಾದ ಕಡೆಗಳಲ್ಲಿ ಕೆಂಪು ಮಣ್ಣು ಸಾಮಾನ್ಯ. ಇದು ಸಾಧಾರಣವಾಗಿ ಇಂಗುಗುಂಡಿಗೆ ಒಳ್ಳೆಯದು. ಆದರೆ ಕೆಲವೆಡೆ ನಾಲ್ಕೈದು ಅಡಿಗಳ ಕೆಳಗೆ ಬಂಡೆ ಸಿಕ್ಕುತ್ತದೆ. ಬಂಡೆಯ ಬಿರುಕಿಗೆ ಇಳಿದ ಕೊಳೆ ನೀರು ಶುದ್ಧವಾಗದೆ ಬಹುದೂರ ಹರಿದು ಕೊಳವೆ ಬಾವಿಯನ್ನು ಸೇರಬಹುದು.

ಕರಾವಳಿಯಲ್ಲಿ ಮರಳು ಮತ್ತು ಮುರಕಲ್ಲು. ಜಂಬಿಟ್ಟಿಗೆ ಎಂತಲೂ ಕರೆಯುವ ಈ ಕಲ್ಲಿನೊಳಗೆ ಅನೇಕ ತೂತುಗಳೂ ಪೊಳ್ಳುಗಳೂ ಇರುತ್ತವೆ. ಅಲ್ಲಿ ಮನೆಮನೆಗೂ ಬಾವಿಯುಂಟು. ಮಳೆಗಾಲದಲ್ಲಿ ಬಾವಿಯ ನೀರು ಕೈಗೆಟುಕುವಷ್ಟು ಮೇಲೆ ಬರುತ್ತದೆ. ಆದುದರಿಂದ ಕರಾವಳಿಯ ದಂಪತಿಗಳು ಅತಿ ಹೆಚ್ಚಿನ ಎಚ್ಚರಿಕೆ ವಹಿಸತಕ್ಕದ್ದು.

ಮೊದಲನೆಯ ಪರೀಕ್ಷೆ: ಮಣ್ಣನ್ನು ಮುಟ್ಟಿ ನೋಡುವುದು

ಗುಂಡಿ ತೋಡಬೇಕೆಂದಿರುವ ಜಾಗದಲ್ಲಿ ಮೇಲಿನ ಒಂದಡಿ ಮಣ್ಣನ್ನು ತೆಗೆದುಹಾಕಿ, ಮೂರರಿಂದ ನಾಲ್ಕು ಅಡಿ ಆಳದ ಮಣ್ಣನ್ನು ಒಂದು ಬೊಗಸೆಯಷ್ಟು ತೆಗೆದುಕೊಳ್ಳಿರಿ. ಕಲ್ಲು ಬೇರುಗಳನ್ನು ಆರಿಸಿ, ನೀರು ಚಿಮುಕಿಸಿ, ರೊಟ್ಟಿಯ ಹಿಟ್ಟಿನಂತೆ ನಾದಿರಿ.

1. ಉಂಡೆ ಕಟ್ಟಲು ಬಾರದೆ ಉದುರಿಹೋದರೆ ಅದು ಮರಳು ಮಣ್ಣು.
2. ಉಂಡೆ ನಿಂತು, ಬತ್ತಿಯಂತೆ ಹೊಸೆದಾಗ ತುಂಡಾದರೆ ಅದು ಗೋಡು ಮಣ್ಣು. ಗುಂಡಿಗೆ ಇದೇ ಉತ್ತಮ.
3. ಉದ್ದನೆಯ ಬತ್ತಿಯಾಗಿ, ಬಳೆಯಂತೆ ಬಗ್ಗಿಸಿದರೂ ಬಿರಿಯದಿದ್ದರೆ ಅದು ಜೇಡಿ ಅಥವಾ ಎರೆಮಣ್ಣು.

ಅನುಮಾನವಿದ್ದರೆ ಅದೇ ಮಣ್ಣನ್ನು ಗಾಜಿನ ಬಾಟಲಿಯೊಂದರಲ್ಲಿ ಮೂರನೆಯ ಒಂದು ಭಾಗ ತುಂಬಿ, ಉಳಿದುದಕ್ಕೆ ನೀರು ಹಾಕಿ, ಚೆನ್ನಾಗಿ ಕುಲುಕಿ ಇಡಿರಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ನುಣ್ಣನೆಯ ಮಣ್ಣು ಕೆಲವು ಗಂಟೆಗಳಲ್ಲಿ ಅದರ ಮೇಲೆ ಕೂರುತ್ತದೆ. ಜೇಡಿಯು ಮರುದಿನವೂ ನೀರನ್ನು ಬಗ್ಗಡವಾಗಿಟ್ಟಿರುತ್ತದೆ. ಮೂರು ಪದರಗಳ ದಪ್ಪವನ್ನು ನೋಡಿದರೆ ಯಾವುದು ಹೆಚ್ಚೆಂದು ಗೊತ್ತಾಗುತ್ತದೆ.

ಎರಡನೆಯ ಪರೀಕ್ಷೆ: ಅಂತರ್ಜಲ ಎಷ್ಟು ಆಳದಲ್ಲಿದೆ?

ಗುಂಡಿಯ ತಳಕ್ಕೂ ಅಂತರ್ಜಲದ ಮಟ್ಟಕ್ಕೂ ನಡುವೆ ಕನಿಷ್ಠ 2 ಮೀಟರ್, ಅಂದರೆ ಸುಮಾರು ಆರೂವರೆ ಅಡಿ, ಒಣ ಮಣ್ಣು ಇರತಕ್ಕದ್ದು. ಈ ಲೆಕ್ಕವನ್ನು ಬೇಸಗೆಯ ನೀರಿನ ಮಟ್ಟದಿಂದ ಹಾಕಬಾರದು. ವರ್ಷದಲ್ಲಿ ನೀರು ಅತಿ ಮೇಲೆ ಬರುವ ಕಾಲದಿಂದ ಹಾಕಬೇಕು. ಶ್ರಾವಣ ಭಾದ್ರಪದ ಮಾಸಗಳಲ್ಲಿ ನಿಮ್ಮ ಅಥವಾ ನೆರೆಯವರ ತೆರೆದ ಬಾವಿಯಲ್ಲಿ ನೀರು ನೆಲದಿಂದ ಎಷ್ಟು ಕೆಳಗಿರುತ್ತದೆಂಬುದನ್ನು ಹಗ್ಗ ಇಳಿಬಿಟ್ಟು ಅಳೆಯಿರಿ. ಮಳೆಗಾಲದವರೆಗೆ ಕಾಯಲಾಗದಿದ್ದರೆ ಊರಿನ ಹಿರಿಯರನ್ನು ಕೇಳಿರಿ. ಬಾವಿಯ ಒಳಗೋಡೆಯ ಮೇಲಿನ ನೀರಿನ ಕಲೆಯೂ ಈ ಮಟ್ಟವನ್ನು ಹೇಳುತ್ತದೆ. ಅಗೆದ ಮಣ್ಣಿನಲ್ಲಿ ಬೂದು ಮತ್ತು ತುಕ್ಕಿನ ಬಣ್ಣದ ಚುಕ್ಕೆಗಳು ಕಂಡರೆ, ವರ್ಷದ ಕೆಲವು ಕಾಲ ಅಲ್ಲಿಯವರೆಗೂ ನೀರು ಬರುತ್ತದೆಂದು ತಿಳಿಯಿರಿ.

ಉದಾಹರಣೆಗೆ, ಗುಂಡಿಯ ಆಳ 1.25 ಮೀಟರ್ ಎಂದಿಟ್ಟುಕೊಳ್ಳೋಣ. ಇದಕ್ಕೆ 2 ಮೀಟರ್ ಕೂಡಿಸಿದರೆ 3.25 ಮೀಟರ್ ಆಯಿತು. ಮಳೆಗಾಲದಲ್ಲಿಯೂ ಬಾವಿಯ ನೀರು ನೆಲದಿಂದ ಸುಮಾರು 11 ಅಡಿಗಳಿಗಿಂತ ಕೆಳಗಿದ್ದರೆ ಮಾತ್ರ ಆ ಜಾಗ ಯೋಗ್ಯ. ನೀರು ಇದಕ್ಕಿಂತ ಮೇಲೆ ಬರುವುದಾದರೆ ಗುಂಡಿಯ ಆಳವನ್ನು ಕಡಿಮೆ ಮಾಡಿ ಅಗಲವನ್ನು ಹೆಚ್ಚಿಸಬೇಕು. ಅಥವಾ ಗುಂಡಿಯ ಒಂದು ಭಾಗವನ್ನು ನೆಲದ ಮೇಲಕ್ಕೆತ್ತಿ ಕಟ್ಟಿ ಸುತ್ತಲೂ ಮಣ್ಣಿನ ದಿಬ್ಬವನ್ನು ಏರಿಸಬೇಕು.

ಮೂರನೆಯ ಪರೀಕ್ಷೆ: ಇಂಗುವ ವೇಗ

ಮಣ್ಣು ನೀರನ್ನು ಎಷ್ಟು ವೇಗವಾಗಿ ಹೀರುತ್ತದೆಂಬುದನ್ನು ಕುಳಿ ತೋಡಿ ಅಳೆಯುವ ಕ್ರಮವನ್ನು 1926ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಹೆನ್ರಿ ರಯಾನ್ ಎಂಬುವರು ರೂಪಿಸಿದರು. ನಮ್ಮ ದೇಶದಲ್ಲಿ ಸೆಪ್ಟಿಕ್ ಟ್ಯಾಂಕುಗಳಿಗೆ ಸಂಬಂಧಿಸಿದ 2470ನೇ ಸಂಖ್ಯೆಯ ಭಾರತೀಯ ಮಾನಕವೂ ಇದೇ ಕ್ರಮವನ್ನು ಅನುಸರಿಸುತ್ತದೆ.

ಮೊದಲನೆಯ ದಿನ:

1. ಇಂಗುಗುಂಡಿ ಬರಬೇಕಾದ ಜಾಗದಲ್ಲಿ ಒಬ್ಬರು ಇಳಿದು ಕೆಲಸ ಮಾಡುವಷ್ಟು ಅಗಲವಾಗಿ ಎರಡು ಮೂರು ಅಡಿ ಅಗೆಯಿರಿ. ಅದರ ತಳದಲ್ಲಿ ಒಂದು ಗೇಣಿನಿಂದ ಒಂದು ಅಡಿಯವರೆಗೆ ಅಗಲ ಮತ್ತು ಒಂದೂವರೆ ಅಡಿ ಆಳವಿರುವ ಸಣ್ಣ ಕುಳಿಯನ್ನು ತೋಡಿರಿ. ಇಂತಹ ಕುಳಿಗಳನ್ನು ಎರಡು ಮೂರು ಕಡೆ ಮಾಡಿದರೆ ಒಳ್ಳೆಯದು.
2. ಸಲಿಕೆಯ ಹೊಡೆತದಿಂದ ಕುಳಿಯ ಗೋಡೆ ನಯವಾಗಿ ಮುಚ್ಚಿಕೊಂಡಿರುತ್ತದೆ. ಅದನ್ನು ಕುಡುಗೋಲಿನ ಮೊನೆಯಿಂದ ಗೀರಿ ಒರಟು ಮಾಡಿರಿ. ಉದುರಿದ ಮಣ್ಣನ್ನು ಹೊರಕ್ಕೆ ತೆಗೆಯಿರಿ.
3. ತಳಕ್ಕೆ 5 ಸೆಂಟಿಮೀಟರ್, ಅಂದರೆ ಎರಡು ಅಂಗುಲ, ದಪ್ಪ ಮರಳನ್ನು ಅಥವಾ ಸಣ್ಣ ಜಲ್ಲಿಯನ್ನು ಹರಡಿರಿ.
4. ಜಲ್ಲಿಯ ಮೇಲೆ ಒಂದು ಅಡಿ ನಿಲ್ಲುವಂತೆ ನೀರನ್ನು ನಿಧಾನವಾಗಿ ಹಾಕಿರಿ. ಇಂಗಿದಂತೆ ಮತ್ತೆ ತುಂಬುತ್ತ ಕನಿಷ್ಠ ನಾಲ್ಕು ಗಂಟೆಗಳ ಕಾಲ ನೀರು ನಿಂತಿರುವಂತೆ ನೋಡಿಕೊಳ್ಳಿರಿ. ಆಮೇಲೆ ರಾತ್ರಿಯಿಡೀ ಬಿಡಿರಿ.
5. ಮಕ್ಕಳಾಗಲಿ ಕರುಗಳಾಗಲಿ ಬೀಳದಂತೆ ಕುಳಿಯನ್ನು ಹಲಗೆಯಿಂದ ಮುಚ್ಚಿ ಮೇಲೆ ಕಲ್ಲು ಹೇರಿರಿ.

ರಾತ್ರಿಯಿಡೀ ನೆನೆಯಿಸುವುದನ್ನು ಎಂದಿಗೂ ಬಿಡಬಾರದು. ಒಣ ಮಣ್ಣು ಮೊದಲ ಬಾರಿ ನೀರನ್ನು ಗಟಗಟನೆ ಕುಡಿಯುತ್ತದೆ. ನಿಮ್ಮ ಶೌಚಾಲಯವಾದರೋ ಪ್ರತಿದಿನವೂ ನೀರನ್ನು ಕಳುಹಿಸುತ್ತದೆ. ಆದುದರಿಂದ ನೆನೆದು ಉಬ್ಬಿದ ಮಣ್ಣು ಎಷ್ಟು ಹೀರುತ್ತದೆಂಬುದೇ ನಮಗೆ ಬೇಕಾದ ಉತ್ತರ. ಎರೆಮಣ್ಣಿನವರಂತೂ ಈ ಹಂತವನ್ನು ಬಿಟ್ಟರೆ ಪರೀಕ್ಷೆಯನ್ನೇ ಮಾಡದಿದ್ದಂತೆ.

ಎರಡನೆಯ ದಿನ:

1. ಕುಳಿಯ ಬಾಯಿಗೆ ಅಡ್ಡಲಾಗಿ ಒಂದು ನೇರ ಕಡ್ಡಿಯನ್ನು ಇಟ್ಟು ಅಲುಗಾಡದಂತೆ ಮಾಡಿರಿ. ಅಳತೆಗಳನ್ನೆಲ್ಲ ಈ ಕಡ್ಡಿಯಿಂದಲೇ ತೆಗೆದುಕೊಳ್ಳಿರಿ.
2. ಜಲ್ಲಿಯ ಮೇಲೆ 15 ಸೆಂಟಿಮೀಟರ್, ಅಂದರೆ ಆರು ಅಂಗುಲ, ನೀರು ನಿಲ್ಲುವಂತೆ ಮಾಡಿರಿ. ರಾತ್ರಿಯ ನೀರು ಹೆಚ್ಚಾಗಿ ಉಳಿದಿದ್ದರೆ ತೆಗೆಯಿರಿ; ಇಂಗಿಹೋಗಿದ್ದರೆ ಹೊಸದಾಗಿ ಹಾಕಿರಿ.
3. ಅರ್ಧ ಗಂಟೆಗೊಮ್ಮೆ ನೀರು ಎಷ್ಟು ಇಳಿಯಿತೆಂದು ಅಳೆದು ಬರೆದುಕೊಳ್ಳಿರಿ. ಪ್ರತಿ ಸಲವೂ ಮತ್ತೆ ಆರು ಅಂಗುಲಕ್ಕೆ ತುಂಬಿರಿ. ಹೀಗೆ ನಾಲ್ಕು ಗಂಟೆ ಮಾಡಿ, ಕೊನೆಯ ಅರ್ಧ ಗಂಟೆಯ ಇಳಿತವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ರಾತ್ರಿಯ ನೀರು ಇನ್ನೂ ಉಳಿದಿದ್ದ ಕುಳಿಯಲ್ಲಿ ಒಂದು ಸಲ ಅರ್ಧ ಗಂಟೆ ಅಳೆದರೆ ಸಾಕು.
4. ಮರಳು ಮಣ್ಣಿನಲ್ಲಿ ಆರು ಅಂಗುಲವೂ ಅರ್ಧ ಗಂಟೆಯೊಳಗೆ ಇಂಗಿಹೋದರೆ, ಹತ್ತು ನಿಮಿಷಗಳಿಗೊಮ್ಮೆ ಅಳೆಯುತ್ತ ಒಂದು ಗಂಟೆ ಮುಂದುವರಿಸಿ, ಕೊನೆಯ ಹತ್ತು ನಿಮಿಷಗಳ ಇಳಿತವನ್ನು ಹಿಡಿಯಿರಿ.

ಒಬ್ಬರು ಗಡಿಯಾರ ನೋಡಿ ಬರೆದುಕೊಳ್ಳಲಿ, ಇನ್ನೊಬ್ಬರು ಅಳೆಯಲಿ. ನೀರು ಒಂದು ಅಂಗುಲ ಇಳಿಯಲು ಎಷ್ಟು ನಿಮಿಷಗಳಾದವು ಎಂಬುದೇ ನಿಮ್ಮ ಮಣ್ಣಿನ ಇಂಗುವ ವೇಗ. ಕೊನೆಯ ಅರ್ಧ ಗಂಟೆಯಲ್ಲಿ ಎರಡು ಅಂಗುಲ ಇಳಿದಿದ್ದರೆ, 30ನ್ನು 2ರಿಂದ ಭಾಗಿಸಿ, ಅಂಗುಲಕ್ಕೆ 15 ನಿಮಿಷ ಎಂದು ಹೇಳಬೇಕು. ಎರಡು ಮೂರು ಕುಳಿಗಳನ್ನು ತೋಡಿದ್ದರೆ ಅವುಗಳ ಸರಾಸರಿಯನ್ನು ತೆಗೆದುಕೊಳ್ಳಿರಿ.

ಉತ್ತರವನ್ನು ಅರ್ಥಮಾಡಿಕೊಳ್ಳುವ ಬಗೆ

(ಅ) ಅಂಗುಲಕ್ಕೆ 30 ನಿಮಿಷ ಅಥವಾ ಅದಕ್ಕಿಂತ ಕಡಿಮೆ: ಸೆಪ್ಟಿಕ್ ಟ್ಯಾಂಕಿನ ನೀರಿಗೆ ಇಂಗುಗುಂಡಿಯನ್ನು ಮಾಡಬಹುದು, ಅಂತರ್ಜಲವು ಮೇಲೆ ಹೇಳಿದ ಆಳದಲ್ಲಿರಬೇಕು.

(ಆ) ಅಂಗುಲಕ್ಕೆ 30ರಿಂದ 60 ನಿಮಿಷ: ಒಂದೇ ಗುಂಡಿ ಸಾಲದು. ಜಲ್ಲಿ ತುಂಬಿದ ಆಳವಿಲ್ಲದ ಇಂಗುಕಾಲುವೆಗಳಲ್ಲಿ ನೀರನ್ನು ಹರಡಬೇಕು.

(ಇ) ಅಂಗುಲಕ್ಕೆ 60 ನಿಮಿಷಗಳಿಗಿಂತ ಹೆಚ್ಚು: ಸೆಪ್ಟಿಕ್ ಟ್ಯಾಂಕಿಗೆ ಇಂಗುಗುಂಡಿಯನ್ನಾಗಲಿ ಕಾಲುವೆಯನ್ನಾಗಲಿ ಕಟ್ಟಿಸಿ ಹಣ ಹಾಳುಮಾಡಿಕೊಳ್ಳಬೇಡಿರಿ. ಕಡಿಮೆ ನೀರು ಬಳಸುವ ಎರಡು ಗುಂಡಿಗಳ ಶೌಚಾಲಯವನ್ನು, ಗುಂಡಿಯ ಅಳತೆಯನ್ನು ಹೆಚ್ಚಿಸಿ, ಹೊರಸುತ್ತಿಗೆ 30 ಸೆಂಟಿಮೀಟರ್ ದಪ್ಪ ಮರಳು ಅಥವಾ ಸಣ್ಣ ಜಲ್ಲಿಯ ಕವಚ ತುಂಬಿ ಮಾಡಿಸಿಕೊಳ್ಳಬಹುದು. ಎರೆಮಣ್ಣಿಗೆ ಹೇಳಿರುವ ಕ್ರಮ ಇದೇ.

(ಈ) ಒಂದು ನಿಮಿಷದೊಳಗೇ ಒಂದು ಅಂಗುಲ ಇಂಗಿದರೆ: ಬೇಗ ಇಂಗಿತೆಂದು ಸಂತೋಷಪಡಬೇಡಿರಿ. ಇಲ್ಲಿ ಮಣ್ಣು ಜರಡಿಯ ಕೆಲಸ ಮಾಡುತ್ತಿಲ್ಲ. ಗುಂಡಿಯ ತಳವನ್ನು ನೀರಿಳಿಯದಂತೆ ಮುಚ್ಚಿ, ಸುತ್ತಲೂ 50 ಸೆಂಟಿಮೀಟರ್ ದಪ್ಪ ನುಣ್ಣನೆಯ ಮರಳಿನ ಕವಚವನ್ನು ಕೊಡಬೇಕು.

ಎರಡು ಗುಂಡಿಗಳ ಶೌಚಾಲಯಕ್ಕೆ ಮಣ್ಣಿನ ಬಗೆಯಿಂದಲೇ ಗುಂಡಿಯ ಗಾತ್ರವನ್ನು ಲೆಕ್ಕ ಹಾಕುತ್ತಾರೆ. ಐದು ಮಂದಿಯ ಸಂಸಾರದಿಂದ ದಿನಕ್ಕೆ ಸುಮಾರು 50 ಲೀಟರ್ ನೀರು ಗುಂಡಿಗೆ ಹೋಗುತ್ತದೆ. ಗುಂಡಿಯ ಗೋಡೆಯ ಒಂದು ಚದರ ಮೀಟರ್ ಜಾಗವು ದಿನಕ್ಕೆ ಮರಳಿನಲ್ಲಿ 50 ಲೀಟರ್, ಗೋಡಿನಲ್ಲಿ 30 ಲೀಟರ್, ಜೇಡಿಯಲ್ಲಿ ಕೇವಲ 10 ಲೀಟರ್ ಹೀರುತ್ತದೆ. ಗೋಡು ಮಣ್ಣಿನಲ್ಲಿ ಒಂದು ಮೀಟರ್ ಅಗಲ, ಒಂದು ಮೀಟರ್ ಆಳದ ದುಂಡನೆಯ ಗುಂಡಿಯ ಗೋಡೆ ಮೂರು ಚದರ ಮೀಟರಿಗೂ ಹೆಚ್ಚು. ಅದು ಧಾರಾಳವಾಗಿ ಸಾಕು. ಜೇಡಿಯಲ್ಲಾದರೆ ಐದು ಚದರ ಮೀಟರ್ ಬೇಕು. ಅಂದರೆ ಅಗಲ 1.25 ಮೀಟರ್, ಆಳ 1.3 ಮೀಟರ್ ಇರತಕ್ಕದ್ದು. ಸ್ನಾನದ ಮತ್ತು ಬಟ್ಟೆ ಒಗೆದ ನೀರನ್ನು ಈ ಗುಂಡಿಗೆ ಬಿಟ್ಟರೆ ಲೆಕ್ಕವೆಲ್ಲ ತಪ್ಪಿಹೋಗುತ್ತದೆ. ಆ ನೀರಿಗೆ ಬೇರೆಯ ಬಚ್ಚಲುಗುಂಡಿಯನ್ನು ಮಾಡಿಕೊಳ್ಳಿರಿ.

ಬಾವಿಗೂ ಗುಂಡಿಗೂ ಇರಬೇಕಾದ ಅಂತರ

ಸೆಪ್ಟಿಕ್ ಟ್ಯಾಂಕಿನ ಇಂಗುಗುಂಡಿಯು ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್, ಅಂದರೆ 60 ಅಡಿ, ದೂರವಿರತಕ್ಕದ್ದು. ಎರಡು ಗುಂಡಿಗಳ ಶೌಚಾಲಯವು ಒಳ್ಳೆಯ ಮಣ್ಣಿನಲ್ಲಿ 10 ಮೀಟರಿಗಿಂತ, ಅಂದರೆ 33 ಅಡಿಗಿಂತ, ಹತ್ತಿರವಿರಬಾರದು. ಬಿರುಕು ಬಂಡೆಯಿರುವಲ್ಲಿ ಮತ್ತು ಮುರಕಲ್ಲಿನಲ್ಲಿ ಈ ಅಳತೆಗಳನ್ನು ಮಾತ್ರ ನಂಬುವಂತಿಲ್ಲ. ಅಲ್ಲಿ ಜಾಗವಿದ್ದಷ್ಟೂ ದೂರ ಹೋಗಿ, ಮರಳಿನ ಕವಚವನ್ನೂ ಕೊಡಬೇಕು. ಗುಂಡಿಯು ಬಾವಿಗಿಂತ ಇಳಿಜಾರಿನ ಕೆಳಭಾಗದಲ್ಲಿರಲಿ. ಅಳೆಯುವಾಗ ನಿಮ್ಮ ಬಾವಿಯಿಂದ ಮಾತ್ರ ಅಳೆದರೆ ಸಾಲದು. ಬೇಲಿಯ ಆಚೆಗಿರುವ ನೆರೆಮನೆಯ ಬಾವಿಯಿಂದಲೂ ಅಳೆಯಿರಿ. ನೆಲದೊಳಗಿನ ನೀರಿಗೆ ಬೇಲಿಯಿಲ್ಲ.

ಕೆಲವು ಪ್ರಶ್ನೆಗಳು

ಗುಂಡಿ ಆಳವಾದಷ್ಟೂ ಒಳ್ಳೆಯದಲ್ಲವೇ? ಬೇಗ ತುಂಬುವುದಿಲ್ಲವಲ್ಲ?
ಇದು ತಪ್ಪು ತಿಳಿವಳಿಕೆ. ಇಪ್ಪತ್ತು ಅಡಿ ಆಳಕ್ಕೆ ಸಿಮೆಂಟಿನ ರಿಂಗುಗಳನ್ನು ಇಳಿಸಿದರೆ ಗುಂಡಿಯ ತಳ ಅಂತರ್ಜಲವನ್ನೇ ಮುಟ್ಟಬಹುದು. ಆಗ ಅದು ತುಂಬದಿರುವುದಕ್ಕೆ ಕಾರಣ, ಮಲವು ನೀರಿನೊಡನೆ ಹರಿದುಹೋಗುತ್ತಿರುವುದು.

ಬತ್ತಿಹೋದ ಹಳೆಯ ಬಾವಿಗೆ ಅಥವಾ ಕೆಟ್ಟ ಕೊಳವೆ ಬಾವಿಗೆ ಟ್ಯಾಂಕಿನ ನೀರನ್ನು ಬಿಡಬಹುದೇ?
ಎಂದಿಗೂ ಬಿಡಬಾರದು. ಬತ್ತಿದ ಬಾವಿಯು ಊರಿನ ಅಂತರ್ಜಲಕ್ಕೆ ತೆರೆದಿಟ್ಟ ಬಾಗಿಲು.

ಎರಡು ಗುಂಡಿಗಳು ಏತಕ್ಕೆ?
ಒಂದು ತುಂಬಿದಾಗ ಹರಿವನ್ನು ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಮುಚ್ಚಿಟ್ಟರೆ, ಅದರೊಳಗಿನ ಮಲವು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಎರಡು ಗುಂಡಿಗಳ ನಡುವೆ ಕನಿಷ್ಠ ಒಂದು ಮೀಟರ್ ಮಣ್ಣನ್ನು ಬಿಡಿರಿ.

ಟ್ಯಾಂಕು ತುಂಬಿದರೆ ಆಳುಗಳನ್ನು ಇಳಿಸಿ ತೆಗೆಸಬಹುದೇ?
ಕೂಡದು. ಟ್ಯಾಂಕಿನಲ್ಲಿ ತುಂಬಿರುವ ವಿಷಾನಿಲದಿಂದ ಇಳಿದವನು ಕ್ಷಣದಲ್ಲಿ ಪ್ರಜ್ಞೆ ತಪ್ಪಿ ಸಾಯುತ್ತಾನೆ. ಎತ್ತಲು ಇಳಿದವನೂ ಸಾಯುತ್ತಾನೆ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯಿದೆಯು ಅಪರಾಧವೆಂದು ಸಾರಿದೆ. ಎರಡು ಮೂರು ವರ್ಷಗಳಿಗೊಮ್ಮೆ ಹೀರುವ ಯಂತ್ರದ ವಾಹನವನ್ನು ಕರೆಸಿರಿ.

ನಮ್ಮ ಶೌಚಾಲಯ ಈಗಾಗಲೇ ಬಾವಿಯ ಪಕ್ಕದಲ್ಲಿದೆ. ಏನು ಮಾಡಬೇಕು?
ಹೆದರದೆ ಮೊದಲು ನೀರನ್ನು ಪರೀಕ್ಷಿಸಿರಿ. ಮಲದ ಕ್ರಿಮಿಗಳಿದ್ದರೆ ಪರೀಕ್ಷಾ ಬಾಟಲಿಯಲ್ಲಿ ಹಾಕಿಟ್ಟ ನೀರು ಕಪ್ಪಾಗುತ್ತದೆ. 2019ರಲ್ಲಿ ಪ್ರಾರಂಭವಾದ ಜಲ ಜೀವನ್ ಮಿಷನ್ ಯೋಜನೆಯಲ್ಲಿ ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯ ತರಬೇತಿ ಕೊಡುವ ಏರ್ಪಾಡನ್ನು ಮಾಡಲಾಯಿತು. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿರಿ. ನೀರು ಕೆಟ್ಟಿದ್ದರೆ ಕುದಿಸಿ ಆರಿಸಿ ಕುಡಿಯಿರಿ, ಬಾವಿಗೆ ಬ್ಲೀಚಿಂಗ್ ಪುಡಿಯನ್ನು ಹಾಕಿಸಿರಿ, ಮಣ್ಣಿನ ಪರೀಕ್ಷೆ ಮಾಡಿ ಗುಂಡಿಯನ್ನು ಬೇರೆ ಜಾಗಕ್ಕೆ ಬದಲಾಯಿಸಿರಿ. ಆದರೆ ಶೌಚಾಲಯವನ್ನು ಬಿಟ್ಟು ಮತ್ತೆ ಬಯಲಿಗೆ ಹೋಗುವುದು ಪರಿಹಾರವಲ್ಲ.

ನೆನಪಿನಲ್ಲಿಡಬೇಕಾದ ಅಂಶಗಳು

1. ಟ್ಯಾಂಕು ಕೊಳೆಯನ್ನು ತಡೆಹಿಡಿಯುತ್ತದೆ. ಶುದ್ಧಿ ಮಾಡುವುದು ಮಣ್ಣು.
2. ಮೂರು ಪರೀಕ್ಷೆಗಳನ್ನು ಮಾಡಿರಿ: ಮಣ್ಣಿನ ಬಗೆ, ಮಳೆಗಾಲದ ಅಂತರ್ಜಲ, ಇಂಗುವ ವೇಗ.
3. ರಾತ್ರಿಯಿಡೀ ನೆನೆಯಿಸದೆ ಇಂಗುವ ವೇಗವನ್ನು ಅಳೆಯಬೇಡಿರಿ.
4. ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ 2 ಮೀಟರ್ ಒಣ ಮಣ್ಣು ಇರಲಿ.
5. ನಿಮ್ಮ ಬಾವಿ, ನೆರೆಯವರ ಬಾವಿ ಎರಡರಿಂದಲೂ ದೂರವನ್ನು ಅಳೆಯಿರಿ.
6. ಎಳೆಯ ಕೂಸಿನ ಮಲವನ್ನೂ ಶೌಚಾಲಯಕ್ಕೇ ಹಾಕಿರಿ.

ಮನೆಗೆ ಸೊಸೆಯನ್ನು ತರುವಾಗ, ಮಗಳು ಹೆರಿಗೆಗೆ ತವರಿಗೆ ಬರುವಾಗ, ನಾವು ಎಷ್ಟೆಲ್ಲ ಸಿದ್ಧತೆಗಳನ್ನು ಮಾಡಿಕೊಳ್ಳುತ್ತೇವೆ. ಅವರು ಕುಡಿಯುವ ನೀರು ನಿರ್ಮಲವಾಗಿರಬೇಕೆಂಬುದು ಆ ಸಿದ್ಧತೆಗಳಲ್ಲೆಲ್ಲ ಮೊದಲನೆಯದು. ಗುಂಡಿಯನ್ನು ಒಮ್ಮೆ ತೋಡಿ ಮುಚ್ಚಿದ ಮೇಲೆ ಅದು ಹತ್ತಾರು ವರ್ಷ ಅಲ್ಲಿಯೇ ಇರುತ್ತದೆ. ಅದರ ಫಲವನ್ನು, ಒಳ್ಳೆಯದಾಗಲಿ ಕೆಟ್ಟದಾಗಲಿ, ನಮ್ಮ ಮಕ್ಕಳು ಉಣ್ಣುತ್ತಾರೆ. ಎರಡು ದಿನಗಳನ್ನು ಮಣ್ಣಿನ ಪರೀಕ್ಷೆಗಾಗಿ ಮೀಸಲಿಡಿರಿ. ಲೆಕ್ಕದಲ್ಲಿ ಸಂದೇಹ ಬಂದರೆ ಬರೆದಿಟ್ಟ ಚೀಟಿಯೊಡನೆ ಗ್ರಾಮ ಪಂಚಾಯಿತಿಯ ಇಂಜಿನಿಯರನ್ನಾಗಲಿ, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ನಿರೀಕ್ಷಕರನ್ನಾಗಲಿ, ಆಶಾ ಕಾರ್ಯಕರ್ತೆಯ ಮೂಲಕ ನಮ್ಮನ್ನಾಗಲಿ ಕಾಣಿರಿ. ಹಾರೆಯನ್ನು ಕೈಗೆತ್ತಿಕೊಳ್ಳುವ ಮುನ್ನ ಕೇಳಿದರೆ ಸಲಹೆಗೆ ಒಂದು ಕಾಸೂ ಖರ್ಚಿಲ್ಲ.